ಮ್ಯಾನ್ಮಾರ್ ಸೇನೆಗೆ ಮಾರಬಾರದು ಎನ್ನುವ ಕಾನೂನು ನಮಗೂ ಬೇಕು

ಮಾನ್ಯ ಸಂಪಾದಕರೇ,

ಮ್ಯಾನ್ಮಾರ್ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುವುದೇ ಅಪರೂಪ. ಬಂದರೂ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಭಾರತದ ಜೊತೆ 1,643 ಕಿಲೋಮೀಟರ್ ಗಡಿ ಹಂಚಿಕೊಂಡಿರುವ ದೇಶ ಅದು. 2021ರ ಫೆಬ್ರುವರಿ 1ರಂದು ಅಲ್ಲಿನ ಸೇನೆ ಚುನಾಯಿತ ಸರ್ಕಾರವನ್ನು ಕಿತ್ತುಹಾಕಿ ಅಧಿಕಾರ ಹಿಡಿಯಿತು. ಅಂದಿನಿಂದ ತನ್ನ ಜನರ ಮೇಲೆಯೇ ಯುದ್ಧ ಮಾಡುತ್ತಿದೆ. ಪಕ್ಕದ ದೇಶದ ಸೇನೆಯನ್ನು ನಾವು ಏನು ಮಾಡೋಕಾಗತ್ತೆ ಅಂತ ಕೈಚೆಲ್ಲಿ ಕೂರುವವರೇ ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ಆ ಸೇನೆಗೆ ದುಡ್ಡು ಮತ್ತು ಸಾಮಾನು ಹೋಗುವ ದಾರಿಗಳಲ್ಲಿ ಒಂದೆರಡು ನಮ್ಮ ದೇಶದ ಮೂಲಕವೇ ಹೋಗುತ್ತವೆ, ಅದರಲ್ಲೊಂದು ನಮ್ಮ ಬೆಂಗಳೂರಿನಿಂದಲೇ ಹೋಗಿದೆ. ಅವನ್ನು ಮುಚ್ಚಲು ಸಂಸತ್ತಿನಲ್ಲಿ ಒಂದು ಕಾನೂನು ಸಾಕು. ಅದನ್ನು ಕೇಳುವುದಕ್ಕೇ ಈ ಪತ್ರ.

ಮೊದಲು ಒಂದು ಹಳ್ಳಿಯ ವಿಷಯ ಹೇಳಬೇಕು. ಸಗಾಯಿಂಗ್ ಪ್ರಾಂತ್ಯದಲ್ಲಿ ಪಜಿಜಿ ಅಂತ ಒಂದು ಊರು. 2023ರ ಏಪ್ರಿಲ್ 11ರ ಬೆಳಿಗ್ಗೆ ಅಲ್ಲಿ ಸೇನೆಯನ್ನು ವಿರೋಧಿಸುವವರು ಒಂದು ಸ್ಥಳೀಯ ಕಚೇರಿ ಉದ್ಘಾಟನೆ ಇಟ್ಟುಕೊಂಡಿದ್ದರು. ಸುತ್ತಲಿನ ಜನ ಸೇರಿದ್ದರು, ಹೆಂಗಸರು, ಮಕ್ಕಳು ಎಲ್ಲ ಇದ್ದರು. ಮೊದಲು ಯುದ್ಧವಿಮಾನ ಬಂದು ಗುಂಪಿನ ಮೇಲೆ ಬಾಂಬ್ ಹಾಕಿತು. ಸ್ವಲ್ಪ ಹೊತ್ತಿಗೆ ಹೆಲಿಕಾಪ್ಟರ್ ಬಂದು, ಬದುಕುಳಿದವರ ಮೇಲೆ ಗುಂಡು ಹಾರಿಸಿತು. 160ಕ್ಕೂ ಹೆಚ್ಚು ಜನ ಸತ್ತರು. ಈ ದಾಳಿ ನಡೆದಿದ್ದನ್ನು ಸೇನೆಯೇ ಒಪ್ಪಿಕೊಂಡಿತು.

ವಿಮಾನ ಹಾರಬೇಕಾದರೆ ಇಂಧನ ಬೇಕು, ಬಿಡಿಭಾಗ ಬೇಕು. ಮ್ಯಾನ್ಮಾರ್‌ನಲ್ಲಿ ಯುದ್ಧವಿಮಾನ ತಯಾರಾಗುವುದಿಲ್ಲ, ವಿಮಾನದ ಇಂಧನವೂ ಹೊರಗಿನಿಂದಲೇ ಬರಬೇಕು. ಹೊರಗಿನಿಂದ ತರಿಸಲು ವಿದೇಶಿ ಹಣ ಬೇಕು. ವಿದೇಶಿ ಹಣ ಬ್ಯಾಂಕಿನ ಮೂಲಕ ಓಡಾಡಬೇಕು. ನಿರ್ಬಂಧದ ಕಾನೂನು, ಅಂದರೆ ಇಂಥವರ ಜೊತೆ ವ್ಯಾಪಾರ, ಹಣದ ವ್ಯವಹಾರ ಮಾಡಬಾರದು ಎನ್ನುವ ಕಾನೂನು, ಹಿಡಿಯಬೇಕಾದ ಜಾಗ ಇದೇ.

ನಾನು ಕೆಲಸ ಮಾಡುವುದು ಪೀಣ್ಯದ ಒಂದು ಗಾರ್ಮೆಂಟ್ ಕಂಪನಿಯಲ್ಲಿ, ರಫ್ತಿನ ಕಾಗದಪತ್ರ ನೋಡಿಕೊಳ್ಳುವ ವಿಭಾಗದಲ್ಲಿ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್, ಬಿಲ್ ಆಫ್ ಲೇಡಿಂಗ್, ಎಲ್‌ಸಿ, ದಿನವಿಡೀ ಇವೇ. ಅದಕ್ಕೇ ಈ ವಿಷಯ ನನಗೆ ಸ್ವಲ್ಪ ಹತ್ತಿರದಿಂದ ಗೊತ್ತು. ನಾವು ಟೀ ಶರ್ಟು ಕಳಿಸುವುದು ಯುರೋಪಿಗೆ. ಆದರೂ ಬ್ಯಾಂಕಿನವರು ಎಷ್ಟೋ ಸಲ ಕಾಗದ ವಾಪಸ್ ಕಳಿಸಿ ಕೇಳುತ್ತಾರೆ, ಈ ಹಡಗಿನ ನಂಬರ್ ಏನು, ಮಧ್ಯದಲ್ಲಿ ಯಾವ ಬಂದರಿನಲ್ಲಿ ನಿಲ್ಲುತ್ತದೆ, ಕೊಳ್ಳುವ ಕಂಪನಿಯ ಮಾಲೀಕರು ಯಾರು ಅಂತ. ಹೆಸರಿನ ಒಂದು ಅಕ್ಷರ ಯಾವುದೋ ನಿರ್ಬಂಧ ಪಟ್ಟಿಯ ಹೆಸರಿಗೆ ಹೊಂದಿಕೊಂಡರೂ ಸಾಕು, ಪೇಮೆಂಟ್ ನಿಂತುಹೋಗುತ್ತದೆ. ಅದು ಬಿಡುಗಡೆಯಾಗುವವರೆಗೆ ಮೇಲ್ ಮೇಲೆ ಮೇಲ್. ಕಾರಣ ಏನೆಂದರೆ, ಬೆಂಗಳೂರಿನಿಂದ ಬೇರೆ ಯಾವ ಊರಿಗೆ ಡಾಲರಿನಲ್ಲಿ ವ್ಯವಹಾರ ಮಾಡಿದರೂ ಆ ಡಾಲರ್ ಸಾಮಾನ್ಯವಾಗಿ ನ್ಯೂಯಾರ್ಕಿನ ಯಾವುದಾದರೂ ಬ್ಯಾಂಕಿನ ಖಾತೆ ಹಾದು ಬರಬೇಕು. ಅಲ್ಲಿ ಅಮೆರಿಕದ ಕಾನೂನು ನಡೆಯುತ್ತದೆ. ಆ ಪಟ್ಟಿಯಲ್ಲಿ ಹೆಸರಿರುವವರ ದುಡ್ಡು ಮುಟ್ಟಿದರೆ ದೊಡ್ಡ ದಂಡ. ಹಾಗಾಗಿ ಪ್ರಪಂಚದ ಎಲ್ಲ ಬ್ಯಾಂಕುಗಳೂ ಹೆದರುತ್ತವೆ. ಬಡ ರಫ್ತುದಾರರಿಗೆ ಇದು ತಲೆನೋವು ಹೌದು, ಅದನ್ನು ನಾನೇ ದಿನಾ ಅನುಭವಿಸುತ್ತೇನೆ. ಆದರೆ ಈ ತಲೆನೋವಿನಿಂದ ಒಂದು ಬಾಂಬರ್ ವಿಮಾನದ ಬಿಡಿಭಾಗ ಮೂರು ತಿಂಗಳು ತಡವಾದರೂ ನನಗೆ ಅಭ್ಯಂತರ ಇಲ್ಲ.

ಇದು ಬರೀ ಮಾತಲ್ಲ. ಸೇನಾ ದಂಗೆಯಾದ ಕೆಲವೇ ದಿನಗಳಲ್ಲಿ ಮ್ಯಾನ್ಮಾರ್ ಸೇನೆ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದ ತನ್ನ ದೇಶದ ಸುಮಾರು 100 ಕೋಟಿ ಡಾಲರ್ ಹಣವನ್ನು ಬೇರೆಡೆಗೆ ಸಾಗಿಸಲು ನೋಡಿತು. ಅಮೆರಿಕ ತಡೆಹಿಡಿಯಿತು. ಆಮೇಲೆ ಆಗಿನ ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್, ಸೇನೆಯ ಎರಡು ದೊಡ್ಡ ಉದ್ಯಮ ಸಮೂಹಗಳಾದ ಎಂಇಎಚ್ಎಲ್ ಮತ್ತು ಎಂಇಸಿ ಅಮೆರಿಕದ ನಿರ್ಬಂಧ ಪಟ್ಟಿಗೆ ಸೇರಿದವು. 2023ರ ಜೂನ್‌ನಲ್ಲಿ ಅಲ್ಲಿನ ಸರ್ಕಾರಿ ಬ್ಯಾಂಕುಗಳಾದ ಮ್ಯಾನ್ಮಾ ಫಾರಿನ್ ಟ್ರೇಡ್ ಬ್ಯಾಂಕ್ ಮತ್ತು ಮ್ಯಾನ್ಮಾ ಇನ್ವೆಸ್ಟ್‌ಮೆಂಟ್ ಅಂಡ್ ಕಮರ್ಷಿಯಲ್ ಬ್ಯಾಂಕ್ ಮೇಲೆ ನಿರ್ಬಂಧ ಬಂತು. ಆಗಸ್ಟ್‌ನಲ್ಲಿ ವಿಮಾನ ಇಂಧನದ ವ್ಯಾಪಾರದ ಮೇಲೂ ಬಂತು. ಡಿಸೆಂಬರ್‌ನಿಂದ ಅವರ ತೈಲ ಮತ್ತು ಅನಿಲ ಕಂಪನಿಗೆ ಅಮೆರಿಕನ್ನರು ಹಣಕಾಸು ಸೇವೆ ಕೊಡುವಂತಿಲ್ಲ ಅಂತಾಯಿತು. ಯುರೋಪ್ ಒಕ್ಕೂಟ ಆ ಕಂಪನಿಯ ಮೇಲೆ 2022ರಲ್ಲೇ ನಿರ್ಬಂಧ ಹಾಕಿತ್ತು.

ಪರಿಣಾಮ ಏನಾಯಿತು? ಮ್ಯಾನ್ಮಾರ್ ಮಾನವ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ ನೇಮಿಸಿದ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ 2024ರ ಜೂನ್‌ನಲ್ಲಿ ಕೊಟ್ಟ ಲೆಕ್ಕ ನೋಡಿ. ಸೇನೆ ಬ್ಯಾಂಕುಗಳ ಮೂಲಕ ಹೊರಗಿನಿಂದ ಕೊಂಡ ಶಸ್ತ್ರಾಸ್ತ್ರ ಮತ್ತು ಸಂಬಂಧಿಸಿದ ಸಾಮಾನು ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗ ಇಳಿದು 25.3 ಕೋಟಿ ಡಾಲರಿಗೆ ಬಂದಿತ್ತು. ಇದರಲ್ಲಿ ಸಿಂಗಪುರದ ಕಥೆಯೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ಅಲ್ಲಿನ ಕಂಪನಿಗಳ ಮೂಲಕ ವರ್ಷಕ್ಕೆ 11 ಕೋಟಿ ಡಾಲರಿಗೂ ಜಾಸ್ತಿ ಸಾಮಾನು ಹೋಗುತ್ತಿತ್ತು. 2023ರಲ್ಲಿ ಅದೇ ಆಂಡ್ರ್ಯೂಸ್ ಹೆಸರು ಸಮೇತ ವರದಿ ಕೊಟ್ಟ ಮೇಲೆ ಸಿಂಗಪುರ ಸರ್ಕಾರ ತನಿಖೆಗೆ ಇಳಿಯಿತು. ಮುಂದಿನ ವರ್ಷ ಅದು ಸುಮಾರು 1 ಕೋಟಿಗೆ ಕುಸಿಯಿತು. ಸಿಂಗಪುರ ಪುಟ್ಟ ದೇಶ, ವ್ಯಾಪಾರದಿಂದಲೇ ಬದುಕುವ ದೇಶ. ಅವರು ಮನಸ್ಸು ಮಾಡಿದ್ದಕ್ಕೆ ಇಷ್ಟಾಯಿತು. ಅದೇ ಹೊತ್ತಿಗೆ ಥಾಯ್ಲೆಂಡ್ ಮೂಲಕ ಹೋಗುವುದು ಸುಮಾರು ದುಪ್ಪಟ್ಟಾಯಿತು ಅನ್ನುವುದೂ ಅದೇ ವರದಿಯಲ್ಲಿದೆ. ಒಂದು ದೇಶ ಬಾಗಿಲು ಹಾಕಿದರೆ ಪಕ್ಕದ ದೇಶದ ಬಾಗಿಲಿಗೆ ಹೋಗುತ್ತಾರೆ. ಹಾಗಂತ ಯಾರೂ ಬಾಗಿಲು ಹಾಕಬಾರದು ಅಂದರೆ ಅದು ಯಾವ ನ್ಯಾಯ?

ಈಗ ನಮ್ಮ ವಿಷಯ. 2023ರ ಆ ವರದಿಯಲ್ಲಿ, ದಂಗೆಯ ನಂತರ ಮ್ಯಾನ್ಮಾರ್ ಸೇನೆಗೆ ಕನಿಷ್ಠ 100 ಕೋಟಿ ಡಾಲರ್ ಬೆಲೆಯ ಶಸ್ತ್ರಾಸ್ತ್ರ, ಬಿಡಿಭಾಗ, ಕಚ್ಚಾ ಸಾಮಗ್ರಿ ಹೋಗಿದೆ ಎಂದಿತ್ತು. ರಷ್ಯಾದಿಂದ 40.6 ಕೋಟಿ, ಚೀನಾದಿಂದ 26.7 ಕೋಟಿ, ಸಿಂಗಪುರದಿಂದ 25.4 ಕೋಟಿ. ನಾಲ್ಕನೆಯದು ಭಾರತ, 5.1 ಕೋಟಿ ಡಾಲರ್. ಆ ಭಾಗದಲ್ಲಿ ಹೆಸರಿಸಿರುವ ಸರ್ಕಾರಿ ಸಂಸ್ಥೆಗಳಲ್ಲಿ ಒಂದು ನಮ್ಮ ಬಿಇಎಲ್, ಭಾರತ್ ಎಲೆಕ್ಟ್ರಾನಿಕ್ಸ್. ಜಾಲಹಳ್ಳಿಯ ಬಿಇಎಲ್ ಸರ್ಕಲ್ ದಾಟಿಯೇ ನಾನು ಕೆಲಸಕ್ಕೆ ಹೋಗುವುದು. 1954ರಲ್ಲಿ ಶುರುವಾದ ಆ ಕಾರ್ಖಾನೆಯಿಂದ ನಮ್ಮ ಭಾಗದ ಎಷ್ಟು ಮನೆಗಳ ಒಲೆ ಉರಿದಿದೆ, ಎಷ್ಟು ಮಕ್ಕಳು ಓದಿದ್ದಾರೆ ಅನ್ನುವುದು ಇಲ್ಲಿಯವರಿಗೆಲ್ಲ ಗೊತ್ತು. ಚುನಾವಣೆಯಲ್ಲಿ ನಾವು ಒತ್ತುವ ಮತಯಂತ್ರ ಮಾಡುವುದೂ ಅದೇ ಬಿಇಎಲ್. ಆ ಸಂಸ್ಥೆಯ ಬಗ್ಗೆ ನನಗೆ ಹೆಮ್ಮೆ ಇದೆ. ಹೆಮ್ಮೆ ಇರುವುದರಿಂದಲೇ ಈ ಪಟ್ಟಿಯಲ್ಲಿ ಅದರ ಹೆಸರು ನೋಡಿ ಸಂಕಟವಾಯಿತು. ತಪ್ಪು ಅಲ್ಲಿ ಕೆಲಸ ಮಾಡುವ ಎಂಜಿನಿಯರುಗಳದ್ದಲ್ಲ. ಯಾರಿಗೆ ಮಾರಬೇಕು, ಯಾರಿಗೆ ಮಾರಬಾರದು ಅನ್ನುವುದು ದೆಹಲಿಯಲ್ಲಿ ತೀರ್ಮಾನವಾಗುವ ವಿಷಯ.

ಸರ್ಕಾರದ ಉತ್ತರ ಏನೆಂದರೆ, ಇವು ಹಿಂದಿನ ಚುನಾಯಿತ ಸರ್ಕಾರದ ಕಾಲದಲ್ಲಿ ಒಪ್ಪಿಕೊಂಡ ವ್ಯವಹಾರಗಳು ಅಂತ. ಒಪ್ಪಂದ ಮಾಡಿಕೊಂಡಿದ್ದು ಒಬ್ಬರ ಜೊತೆ, ಸಾಮಾನು ಕೊಟ್ಟಿದ್ದು ಅವರನ್ನು ಜೈಲಿಗೆ ಹಾಕಿದವರಿಗೆ. ಇದನ್ನು ಮಾತು ಉಳಿಸಿಕೊಳ್ಳುವುದು ಅಂತ ಹೇಗೆ ಕರೆಯೋದು? ಆ ಚುನಾಯಿತ ಸರ್ಕಾರದ ನಾಯಕಿ ಆಂಗ್ ಸಾನ್ ಸೂ ಕಿ ಓದಿದ್ದು ದೆಹಲಿಯಲ್ಲಿ. ದಂಗೆಯ ಬೆಳಿಗ್ಗೆಯೇ ಅವರನ್ನು ಬಂಧಿಸಿದರು. ಅವರ ಪಕ್ಷವನ್ನು 2023ರ ಮಾರ್ಚ್‌ನಲ್ಲಿ ವಿಸರ್ಜಿಸಿದರು. ಆ ಪಕ್ಷವೇ ಇಲ್ಲದ ಚುನಾವಣೆಯನ್ನು 2025ರ ಡಿಸೆಂಬರ್‌ನಲ್ಲಿ ಶುರು ಮಾಡಿ, ನೋಡಿ ನಾವೂ ಪ್ರಜಾಪ್ರಭುತ್ವ ಅನ್ನುತ್ತಿದ್ದಾರೆ.

ನಮ್ಮಲ್ಲಿ ಕಾನೂನು ಇಲ್ಲವೇ ಅಂತ ಕೇಳಬಹುದು. ಇದೆ, ಆದರೆ ಈ ಕೆಲಸಕ್ಕೆ ಬಾರದು. ವಿಶ್ವಸಂಸ್ಥೆ (ಭದ್ರತಾ ಮಂಡಳಿ) ಕಾಯ್ದೆ ಅಂತ 1947ರದ್ದೊಂದಿದೆ. ಭದ್ರತಾ ಮಂಡಳಿ ನಿರ್ಬಂಧ ಹಾಕಿದರೆ ಅದನ್ನು ನಮ್ಮ ದೇಶದಲ್ಲಿ ಜಾರಿ ಮಾಡಲು ಅದರಡಿ ಆದೇಶ ಹೊರಡಿಸಬಹುದು. ಭದ್ರತಾ ಮಂಡಳಿಯಲ್ಲಿ ಚೀನಾ ಮತ್ತು ರಷ್ಯಾಕ್ಕೆ ವೀಟೋ ಇದೆ, ಇಬ್ಬರೂ ಆ ಸೇನೆಗೆ ಶಸ್ತ್ರ ಮಾರುವವರೇ, ಹಾಗಿರುವಾಗ ಅಲ್ಲಿಂದ ಶಸ್ತ್ರ ನಿಷೇಧ ಬರುವುದೆಂತು? 2022ರ ಡಿಸೆಂಬರ್‌ನಲ್ಲಿ ಹಿಂಸೆ ನಿಲ್ಲಿಸಿ ಎನ್ನುವ ಸಾದಾ ನಿರ್ಣಯಕ್ಕೇ ಆ ಎರಡು ದೇಶ ಮತ ಹಾಕದೆ ಉಳಿದವು. ಮತ ಹಾಕದ ಮೂರನೆಯವರು ನಾವು. ಅದಕ್ಕೂ ಮೊದಲು 2021ರ ಜೂನ್‌ನಲ್ಲಿ ಮ್ಯಾನ್ಮಾರ್‌ಗೆ ಶಸ್ತ್ರ ಹೋಗದಂತೆ ತಡೆಯಿರಿ ಅಂತ ವಿಶ್ವಸಂಸ್ಥೆಯ ಮಹಾಸಭೆ ಕೇಳಿದಾಗ 119 ದೇಶ ಪರವಾಗಿ ಕೈ ಎತ್ತಿದವು, ಬೆಲಾರುಸ್ ಒಂದೇ ವಿರೋಧಿಸಿತು, 36 ದೇಶ ತಟಸ್ಥ. ಆ 36ರಲ್ಲೂ ನಾವಿದ್ದೆವು.

ಇನ್ನೊಂದು 1992ರ ವಿದೇಶಿ ವ್ಯಾಪಾರ ಕಾಯ್ದೆ. ಶಸ್ತ್ರಾಸ್ತ್ರ ಮತ್ತು ಸೂಕ್ಷ್ಮ ತಂತ್ರಜ್ಞಾನದ ರಫ್ತಿಗೆ ಸ್ಕೋಮೆಟ್ ಪಟ್ಟಿ ಇದೆ, ಅದರಲ್ಲಿದ್ದರೆ ಪರವಾನಗಿ ಬೇಕು. ಯುದ್ಧ ಸಾಮಗ್ರಿಗೆ ಪರವಾನಗಿ ಕೊಡುವುದು ರಕ್ಷಣಾ ಉತ್ಪಾದನಾ ಇಲಾಖೆ. ಬಿಇಎಲ್ ಬರುವುದೂ ಅದೇ ಇಲಾಖೆಯ ಕೆಳಗೆ. ಅಂದರೆ ಮಾರುವವರೂ ಅವರೇ, ಮಾರಬಹುದು ಅಂತ ಅನುಮತಿ ಕೊಡುವವರೂ ಅವರೇ. ನಮ್ಮ ಕಂಪನಿಯಲ್ಲಿ ಇನ್‌ವಾಯ್ಸ್ ಮಾಡಿದವರೇ ಅದನ್ನು ಪಾಸ್ ಮಾಡಿದರೆ ಆಡಿಟರ್ ಬಿಡುವುದಿಲ್ಲ. ಕೊಳ್ಳುವವರು ತಮ್ಮ ಜನರನ್ನೇ ಕೊಲ್ಲುತ್ತಿದ್ದರೆ ಮಾರುವಂತಿಲ್ಲ ಅಂತ ಸ್ಪಷ್ಟವಾಗಿ ಹೇಳುವ ಸಾಲು ನಮ್ಮ ಕಾಯ್ದೆಯಲ್ಲಿ ಇಲ್ಲ. ಅದನ್ನು ಸೇರಿಸಬೇಕು.

ಶಸ್ತ್ರಗಳ ವಿಷಯ ಹೀಗಾದರೆ, ದುಡ್ಡಿನ ವಿಷಯ ಇನ್ನೂ ಸೂಕ್ಷ್ಮ. ನಾವು ಇಡ್ಲಿಗೆ ನೆನೆಹಾಕುವ ಉದ್ದಿನಬೇಳೆಯಲ್ಲಿ ದೊಡ್ಡ ಪಾಲು ಮ್ಯಾನ್ಮಾರ್‌ನಿಂದ ಬರುತ್ತದೆ. ತೊಗರಿಯೂ ಬರುತ್ತದೆ, ಕಲಬುರಗಿಯ ರೈತರಿಗೆ ಇದು ಚೆನ್ನಾಗಿ ಗೊತ್ತು, ಆಮದು ಜಾಸ್ತಿಯಾದಾಗಲೆಲ್ಲ ಅವರ ಬೆಲೆ ಬೀಳುತ್ತದೆ. ದಂಗೆಯಾದ ವರ್ಷವೇ, 2021ರಲ್ಲಿ, ಐದು ವರ್ಷ ಕಾಲ ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ ತರಿಸಿಕೊಳ್ಳುವ ಒಪ್ಪಂದಕ್ಕೆ ಭಾರತ ಸಹಿ ಹಾಕಿತು. ಉದ್ದು ಬೆಳೆಯುವವನು ಅಲ್ಲಿನ ರೈತ, ಅವನ ಹೊಟ್ಟೆ ಮೇಲೆ ಹೊಡೆಯಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಮಾರಿದ ಡಾಲರ್ ಪೂರ್ತಿ ಅವನ ಕೈಗೋ ವರ್ತಕನ ಕೈಗೋ ಸೇರುತ್ತಿರಲಿಲ್ಲ. 2022ರಿಂದ ಸೇನೆ ಒಂದು ನಿಯಮ ಮಾಡಿತು. ರಫ್ತುದಾರ ಗಳಿಸಿದ ಡಾಲರಿನಲ್ಲಿ ಒಂದು ದೊಡ್ಡ ಪಾಲನ್ನು ಸರ್ಕಾರ ಹೇಳಿದ ದರಕ್ಕೆ, ಡಾಲರಿಗೆ ಅಲ್ಲಿನ ಹಣದಲ್ಲಿ 2,100 ಕ್ಯಾಟ್‌ನಂತೆ, ಬದಲಾಯಿಸಿಕೊಳ್ಳಲೇಬೇಕು. ಹೊರಗಿನ ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಬಹಳ ಮೇಲಿತ್ತು, ಆಮೇಲೆ ದುಪ್ಪಟ್ಟೂ ದಾಟಿತು. ನಡುವಿನ ವ್ಯತ್ಯಾಸ ರೈತನ ಜೇಬಿನಿಂದ ಹೋಯಿತು, ಡಾಲರ್ ಸೇನೆಯ ಕೈಯಲ್ಲಿರುವ ಕೇಂದ್ರ ಬ್ಯಾಂಕಿಗೆ ಹೋಯಿತು.

ಅಮೆರಿಕ ಸರ್ಕಾರಿ ಬ್ಯಾಂಕುಗಳನ್ನು ಪಟ್ಟಿಗೆ ಸೇರಿಸಿದ ಮೇಲೆ ಈ ಡಾಲರ್ ದಾರಿ ಕಷ್ಟವಾಯಿತು. 2024ರ ಜನವರಿಯಲ್ಲಿ ನಾವು ಇನ್ನೊಂದು ದಾರಿ ಮಾಡಿಕೊಟ್ಟೆವು. ಪಂಜಾಬ್ ನ್ಯಾಷನಲ್ ಬ್ಯಾಂಕ್ ಮೂಲಕ ನೇರವಾಗಿ ರೂಪಾಯಿ ಮತ್ತು ಕ್ಯಾಟ್‌ನಲ್ಲಿ ವ್ಯವಹಾರ. ಬೇಳೆ ವ್ಯಾಪಾರಿಗಳು ಇದನ್ನೇ ಬಳಸಿ ಅಂತ ಕೇಂದ್ರ ಸರ್ಕಾರ ಹೇಳಿತು. ರೂಪಾಯಿಯಲ್ಲಿ ವ್ಯಾಪಾರ ಮಾಡುವುದಕ್ಕೆ ನನ್ನ ವಿರೋಧವೇನಿಲ್ಲ. ನಮ್ಮ ಹಣಕ್ಕೆ ಹೊರಗೆ ಬೆಲೆ ಬಂದರೆ ನಮ್ಮಂಥ ರಫ್ತುದಾರರಿಗೂ ಒಳ್ಳೆಯದೇ. ಆದರೆ ಒಂದು ವಿಷಯ ಒಪ್ಪಿಕೊಳ್ಳಬೇಕು. ಡಾಲರಿನಲ್ಲಿ ಹೋಗುವ ಹಣವನ್ನು ನ್ಯೂಯಾರ್ಕಿನಲ್ಲಿ ಯಾರೋ ಒಬ್ಬರು ತಡೆದು, ಇದು ಯಾರ ಹಣ, ಎಲ್ಲಿಗೆ ಹೋಗುತ್ತಿದೆ ಅಂತ ಕೇಳುತ್ತಿದ್ದರು. ರೂಪಾಯಿಯಲ್ಲಿ ಹೋದಾಗ ಆ ಪ್ರಶ್ನೆ ಕೇಳಬೇಕಾದವರು ನಾವು. ಕೇಳಬೇಕು ಅಂತ ಹೇಳುವ ಕಾನೂನು ನಮ್ಮಲ್ಲಿಲ್ಲ. ದಾರಿ ನಮ್ಮದಾದ ಮೇಲೆ ಅದರ ಮೇಲೆ ಯಾರು ಹೋಗಬಹುದು ಅನ್ನುವ ಹೊಣೆಯೂ ನಮ್ಮದೇ ಅಲ್ವಾ? ಆ ರೂಪಾಯಿ ಬೇಳೆಗೆ, ಔಷಧಿಗೆ, ಬಟ್ಟೆಗೆ ಹೋಗಲಿ. ಎಂಇಎಚ್ಎಲ್, ಎಂಇಸಿ ಮತ್ತು ಅವುಗಳ ಮರಿ ಕಂಪನಿಗಳ ಖಾತೆಗೆ ಹೋಗಬಾರದು, ರಾಡಾರ್ ಬಿಡಿಭಾಗಕ್ಕೆ ಹೋಗಬಾರದು. ಬ್ಯಾಂಕಿಗೆ ಇದೇನು ಹೊಸ ಕೆಲಸವಲ್ಲ. ಟೀ ಶರ್ಟು ಕಳಿಸುವ ನಮ್ಮನ್ನು ಕೇಳುವ ಪ್ರಶ್ನೆಗಳನ್ನೇ ಅವರನ್ನೂ ಕೇಳಿದರೆ ಸಾಕು.

ನಿರ್ಬಂಧದಿಂದ ಬಡವರಿಗೇ ಪೆಟ್ಟು ಅನ್ನುವ ಮಾತಿನಲ್ಲಿ ಸತ್ಯ ಇದೆ. ಮ್ಯಾನ್ಮಾರ್‌ನಲ್ಲೇ ಅದು ಆಗಿದೆ. 2003ರ ಮೇ ತಿಂಗಳಲ್ಲಿ ಡೆಪಾಯಿನ್ ಅನ್ನುವಲ್ಲಿ ಸೂ ಕಿ ಅವರ ವಾಹನಗಳ ಮೇಲೆ ದಾಳಿಯಾಯಿತು, ಅವರ ಬೆಂಬಲಿಗರನ್ನು ಕೊಂದರು. ಆ ಸಿಟ್ಟಿನಲ್ಲಿ ಅಮೆರಿಕ ಆ ದೇಶದಿಂದ ಯಾವ ಸಾಮಾನೂ ಬರಬಾರದು ಅಂತ ಕಾಯ್ದೆ ಮಾಡಿತು. ಮೊದಲು ಮುಚ್ಚಿದ್ದು ಗಾರ್ಮೆಂಟ್ ಫ್ಯಾಕ್ಟರಿಗಳು. ಹಳ್ಳಿಯಿಂದ ಯಾಂಗೊನ್ ನಗರಕ್ಕೆ ಬಂದು ಹೊಲಿಗೆ ಮಷಿನ್ ಮುಂದೆ ಕೂತಿದ್ದ ಸಾವಿರಾರು ಹೆಣ್ಣುಮಕ್ಕಳು ಕೆಲಸ ಕಳೆದುಕೊಂಡರು. ಜನರಲ್‌ಗಳ ದುಡ್ಡು ಇದ್ದಿದ್ದು ಅನಿಲದಲ್ಲಿ, ಮರದಲ್ಲಿ, ಜೇಡ್ ಎನ್ನುವ ಹಸಿರು ಕಲ್ಲಿನಲ್ಲಿ. ಅದಕ್ಕೆ ಹೆಚ್ಚೇನೂ ಆಗಲಿಲ್ಲ. ನಮ್ಮ ಫ್ಯಾಕ್ಟರಿಯಲ್ಲಿ ಆರ್ಡರ್ ಕ್ಯಾನ್ಸಲ್ ಆದ ತಿಂಗಳು ಲೈನಿನ ಹೆಣ್ಣುಮಕ್ಕಳ ಮುಖ ಹೇಗಿರುತ್ತದೆ ಅಂತ ನಾನು ನೋಡಿದ್ದೇನೆ, ಓವರ್‌ಟೈಮ್ ಇಲ್ಲ ಅಂದರೆ ಬಾಡಿಗೆಗೆ ಸಾಲ ಅಂತ ಅರ್ಥ. ಹಾಗಾಗಿ ಇಡೀ ದೇಶಕ್ಕೆ ಬೀಗ ಹಾಕುವ ಕಾನೂನು ನಾನು ಕೇಳುತ್ತಿಲ್ಲ. ಹೆಸರು ಹಿಡಿದು, ಕಂಪನಿ ಹಿಡಿದು, ಸಾಮಾನು ಹಿಡಿದು ತಡೆಯುವ ಕಾನೂನು ಬೇಕು. 2021ರ ನಂತರದ ನಿರ್ಬಂಧಗಳು ಹೆಚ್ಚುಕಮ್ಮಿ ಹಾಗೇ ಇವೆ, ಗಾರ್ಮೆಂಟ್ ಆಮದಿಗೆ ನಿಷೇಧ ಇಲ್ಲ.

ಹಾಕುವುದರಷ್ಟೇ ಮುಖ್ಯ ಯಾವಾಗ ತೆಗೆಯಬೇಕು ಅನ್ನುವುದು. 2016ರಲ್ಲಿ ಸೂ ಕಿ ಸರ್ಕಾರ ಬಂತು ಅಂತ ಅಮೆರಿಕ ಸಂತೋಷದಿಂದ ನಿರ್ಬಂಧಗಳನ್ನು ತೆಗೆದುಹಾಕಿತು. ಆಗಲೂ 2008ರ ಸಂವಿಧಾನದ ಪ್ರಕಾರ ಸಂಸತ್ತಿನ ನಾಲ್ಕನೇ ಒಂದು ಭಾಗ ಸೀಟು ಸೇನೆಯದ್ದೇ, ಗೃಹ ಮತ್ತು ರಕ್ಷಣಾ ಖಾತೆ ಸೇನೆಯದ್ದೇ. ಮರುವರ್ಷವೇ ಪಶ್ಚಿಮದ ರಖೈನ್ ಪ್ರಾಂತ್ಯದಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಿದರು, ಅವರನ್ನು ಓಡಿಸಿದ್ದು ಇದೇ ಮಿನ್ ಆಂಗ್ ಲೈಂಗ್ ನಡೆಸುತ್ತಿದ್ದ ಸೇನೆ. ಇನ್ನು 2025ರ ಜುಲೈನಲ್ಲಿ ನಡೆದದ್ದು ನೋಡಿ. ಮಿನ್ ಆಂಗ್ ಲೈಂಗ್ ಟ್ರಂಪ್ ಅವರನ್ನು ಹೊಗಳಿ ಪತ್ರ ಬರೆದರು, ಎರಡು ವಾರದಲ್ಲಿ ಸೇನೆಗೆ ಹತ್ತಿರದ ಕೆಲವು ಕಂಪನಿ ಮತ್ತು ವ್ಯಕ್ತಿಗಳ ಹೆಸರು ಪಟ್ಟಿಯಿಂದ ಹೋಯಿತು. ಪತ್ರಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಅಮೆರಿಕದವರು ಹೇಳಿರಬಹುದು, ಆದರೆ ಅಧ್ಯಕ್ಷರ ಒಂದು ಸಹಿಯಿಂದ ಬಂದ ನಿರ್ಬಂಧ ಇನ್ನೊಂದು ಸಹಿಯಿಂದ ಹೋಗುತ್ತದೆ ಅನ್ನುವುದಂತೂ ಖಚಿತವಾಯಿತು.

ಈ ವಿಷಯದಲ್ಲಿ ದಕ್ಷಿಣ ಆಫ್ರಿಕಾದ ಮೇಲೆ 1986ರಲ್ಲಿ ಅಮೆರಿಕದ ಸಂಸತ್ತು ಮಾಡಿದ ವರ್ಣಭೇದ ವಿರೋಧಿ ಕಾಯ್ದೆ ಎಷ್ಟೋ ಮೇಲು. ಅಧ್ಯಕ್ಷ ರೇಗನ್ ಬೇಡ ಅಂತ ವೀಟೋ ಮಾಡಿದರು. ಕೆಳಮನೆ 313ಕ್ಕೆ 83, ಸೆನೆಟ್ 78ಕ್ಕೆ 21 ಮತಗಳಿಂದ ಅದನ್ನು ತಳ್ಳಿಹಾಕಿ ಕಾಯ್ದೆ ಮಾಡಿಯೇ ಬಿಟ್ಟಿತು. ಹೊಸ ಸಾಲ ಇಲ್ಲ, ಹೊಸ ಬಂಡವಾಳ ಇಲ್ಲ, ಕಲ್ಲಿದ್ದಲು, ಉಕ್ಕು, ಯುರೇನಿಯಂ ಆಮದಿಲ್ಲ, ಅವರ ವಿಮಾನಗಳಿಗೆ ಇಳಿಯಲು ಜಾಗ ಇಲ್ಲ. ಅದಕ್ಕಿಂತ ಒಳ್ಳೆಯ ಕೆಲಸ ಅಂದರೆ ನಿರ್ಬಂಧ ಯಾವಾಗ ಏಳುತ್ತದೆ ಅಂತ ಕಾಯ್ದೆಯಲ್ಲೇ ಬರೆದಿಟ್ಟರು. ಮಂಡೇಲಾ ಮತ್ತು ರಾಜಕೀಯ ಕೈದಿಗಳ ಬಿಡುಗಡೆಯಾಗಬೇಕು, ತುರ್ತುಸ್ಥಿತಿ ಹೋಗಬೇಕು, ಪಕ್ಷಗಳ ಮೇಲಿನ ನಿಷೇಧ ಹೋಗಬೇಕು, ಜನರನ್ನು ಬಣ್ಣ ನೋಡಿ ವಿಂಗಡಿಸುವ ಕಾಯ್ದೆಗಳು ರದ್ದಾಗಬೇಕು, ಮಾತುಕತೆಗೆ ಕೂರಬೇಕು. ಅಲ್ಲಿನ ರಾಜಧಾನಿ ಪ್ರಿಟೋರಿಯಾದಲ್ಲಿ ಕೂತವರಿಗೆ ಏನು ಮಾಡಿದರೆ ಬಿಡುಗಡೆ ಅನ್ನುವುದು ಸ್ಪಷ್ಟ ಇತ್ತು. 1990ರಲ್ಲಿ ಮಂಡೇಲಾ ಹೊರಬಂದರು, 1991ರಲ್ಲಿ ಆ ಕಾಯ್ದೆಯ ನಿರ್ಬಂಧ ಎದ್ದಿತು. ಕಾಯ್ದೆಯೊಂದರಿಂದಲೇ ವರ್ಣಭೇದ ಹೋಗಲಿಲ್ಲ, ಬೀದಿಗಿಳಿದು ಸತ್ತ ಅಲ್ಲಿನ ಜನರಿಂದ ಹೋಯಿತು. ಕಾಯ್ದೆ ಅವರ ಬೆನ್ನಿಗೆ ನಿಂತಿತು.

ಅಮೆರಿಕಕ್ಕಿಂತ 40 ವರ್ಷ ಮೊದಲು, 1946ರಲ್ಲಿ, ಸ್ವಾತಂತ್ರ್ಯ ಬರುವುದಕ್ಕೂ ಮುಂಚೆ, ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ಕಡಿದುಕೊಂಡ ಮೊದಲ ದೇಶ ಭಾರತ. ಅಲ್ಲಿನ ಭಾರತೀಯರು ಎಲ್ಲಿ ಜಮೀನು ಕೊಳ್ಳಬಹುದು, ಎಲ್ಲಿ ವಾಸಿಸಬಹುದು ಅನ್ನುವುದಕ್ಕೆ ಗೆರೆ ಎಳೆದ ಕಾಯ್ದೆಗೆ ಉತ್ತರವಾಗಿ ಅದು ಬಂತು. ನಮ್ಮ ಗೋಣಿಚೀಲ ಆಗ ಅಲ್ಲಿಗೆ ಹೋಗುತ್ತಿತ್ತು, ನಷ್ಟ ನಮಗೂ ಆಯಿತು. ಬಡ ದೇಶವಾಗಿದ್ದಾಗ ಆ ನಷ್ಟ ತಡೆದುಕೊಂಡವರು ನಾವು. ಈಗ 5.1 ಕೋಟಿ ಡಾಲರಿನ ವ್ಯಾಪಾರ ಬಿಡಲಾಗುವುದಿಲ್ಲ ಅಂದರೆ ನಂಬುವುದು ಕಷ್ಟ.

ನಾವು ಬಿಟ್ಟರೆ ಚೀನಾ ಬರುತ್ತದೆ, ಈಶಾನ್ಯದ ಭದ್ರತೆಗೆ ಆ ಸೇನೆ ಬೇಕು ಅನ್ನುವ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ನಕ್ಷೆ ತೆಗೆದು ನೋಡಿ. ಮ್ಯಾನ್ಮಾರ್‌ನ ಸಿಟ್ವೆ ಬಂದರಿನಿಂದ ಮಿಜೋರಾಂಗೆ ನಾವು ಮಾಡುತ್ತಿರುವ ಕಲಾದಾನ್ ಸಾರಿಗೆ ಯೋಜನೆ ಪಲೆಟ್ವಾ ಪಟ್ಟಣದ ಮೂಲಕ ಹೋಗುತ್ತದೆ. 2024ರ ಜನವರಿಯಲ್ಲಿ ಪಲೆಟ್ವಾ, ಸೇನೆಯ ವಿರುದ್ಧ ಹೋರಾಡುವ ಅರಾಕನ್ ಆರ್ಮಿ ಎನ್ನುವ ಬಂಡುಕೋರ ಪಡೆಯ ಕೈಗೆ ಹೋಯಿತು. ನಾವು ಸಲಹುತ್ತಿರುವ ಸೇನೆಗೆ ನಮ್ಮ ಯೋಜನೆಯ ದಾರಿಯನ್ನೇ ಉಳಿಸಿಕೊಡಲು ಆಗಲಿಲ್ಲ. ಚೀನಾ ಹೇಗೂ ಬಂದಾಗಿದೆ, ನಾವು ಶಸ್ತ್ರ ಮಾರಿದ್ದರಿಂದ ಅದೇನು ನಿಂತಿಲ್ಲ. ಆ ಸೇನೆಯ ಬಾಂಬಿಗೆ ಹೆದರಿ ಗಡಿ ದಾಟಿ ಬಂದ ಸಾವಿರಾರು ಜನ ಇವತ್ತು ಮಿಜೋರಾಂನಲ್ಲಿದ್ದಾರೆ, ಮಿಜೋ ಜನರು ಚರ್ಚು, ಸಮುದಾಯ ಭವನಗಳಲ್ಲಿ ತಮ್ಮ ಕೈಲಾದಷ್ಟು ಅಕ್ಕಿ ಬೇಳೆ ಕೊಟ್ಟು ನೋಡಿಕೊಂಡಿದ್ದಾರೆ. ಒಂದು ಕಡೆ ನಿರಾಶ್ರಿತರಿಗೆ ಅನ್ನ, ಇನ್ನೊಂದು ಕಡೆ ಅವರನ್ನು ಓಡಿಸಿದವರಿಗೆ ಸಾಮಾನು. ಎರಡೂ ನಮ್ಮ ದೇಶದಿಂದಲೇ.

ಕರ್ನಾಟಕದಿಂದ ಲೋಕಸಭೆಗೆ 28 ಜನ ಹೋಗಿದ್ದಾರೆ. ಯಾವ ಪಕ್ಷದವರಾದರೂ ಸರಿ, ಅವರಲ್ಲಿ ಒಬ್ಬರು ಮುಂದಿನ ಅಧಿವೇಶನದಲ್ಲಿ ರಕ್ಷಣಾ ಸಚಿವರಿಗೆ ಲಿಖಿತ ಪ್ರಶ್ನೆ ಹಾಕಲಿ. 2021ರ ಫೆಬ್ರುವರಿ 1ರ ನಂತರ ಮ್ಯಾನ್ಮಾರ್‌ಗೆ ಯಾವ ಸರ್ಕಾರಿ ಸಂಸ್ಥೆ ಏನು ಕಳಿಸಿದೆ, ಅಂತಿಮವಾಗಿ ಬಳಸುವವರು ಯಾರು ಅಂತ ಕಾಗದದಲ್ಲಿ ಬರೆದಿತ್ತು, ಆ ಕಾಗದಕ್ಕೆ ಸಹಿ ಹಾಕಿದವರು ಸೇನೆಯವರೇ, ರೂಪಾಯಿ ಖಾತೆಯಿಂದ ಹಣ ಪಡೆಯುವವರ ಹೆಸರನ್ನು ಬ್ಯಾಂಕು ಯಾವ ಪಟ್ಟಿಯ ಜೊತೆ ತಾಳೆ ನೋಡುತ್ತದೆ. ಉತ್ತರ ಬಂದರೆ ದಯವಿಟ್ಟು ನಿಮ್ಮ ಪತ್ರಿಕೆಯಲ್ಲಿ ಮುಖಪುಟದಲ್ಲೇ ಹಾಕಿ. ಆಮೇಲೆ ಅದೇ ಸದಸ್ಯರು, ಸಚಿವರಲ್ಲದವರು ಮಂಡಿಸಬಹುದಾದ ಶುಕ್ರವಾರದ ಖಾಸಗಿ ಮಸೂದೆಯಾಗಿ ಈ ಕಾಯ್ದೆಯನ್ನು ಮಂಡಿಸಲಿ. ಖಾಸಗಿ ಮಸೂದೆಗಳು ಪಾಸಾಗುವುದು ತೀರಾ ಅಪರೂಪ ಅಂತ ನನಗೂ ಗೊತ್ತು. ಅಮೆರಿಕದಲ್ಲೂ ರಾನ್ ಡೆಲಮ್ಸ್ ಎನ್ನುವ ಸದಸ್ಯರು ದಕ್ಷಿಣ ಆಫ್ರಿಕಾ ಮಸೂದೆಯನ್ನು ಮೊದಲು ತಂದಿದ್ದು 1972ರಲ್ಲಿ, ಅದು ಕಾಯ್ದೆಯಾಗಲು 14 ವರ್ಷ ಹಿಡಿಯಿತು. ನಮ್ಮಲ್ಲಿ ಇನ್ನೂ ಯಾರಾದರೂ ಶುರು ಮಾಡಬೇಕಿದೆ.

ಇಂತಿ,
ಪೀಣ್ಯದ ರಫ್ತು ವಿಭಾಗದ ಒಬ್ಬ ನೌಕರೆ,
ಜಾಲಹಳ್ಳಿ, ಬೆಂಗಳೂರು